ಕೇಳಿದ್ದನ್ನು ಬರೆಯುವವರು

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಕಡೆಯ ಮನೆಗಳಲ್ಲಿ ಬೀರುವಿನ ಮೇಲೋ ಗೋಡೆಯ ಗೂಡಿನಲ್ಲೋ ಒಂದು ಪ್ಲಾಸ್ಟಿಕ್ ಚೀಲವಿರುವುದನ್ನು ತಾವು ಕಂಡಿರಬಹುದು. ಅದರಲ್ಲಿ ಪಹಣಿಯಿಲ್ಲ, ಜಾತಕವಿಲ್ಲ. ಇರುವುದು ಆಸ್ಪತ್ರೆಯ ಕಾಗದ. ಆಗುಂಬೆ ಘಾಟಿಯನ್ನಿಳಿದು ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಹೋಗಿ, ಗುಣವಾಗಿ ಮರಳುವ ದಿನ ಕೈಗೆ ಬಂದ ಎರಡು ಮೂರು ಹಾಳೆಗಳು ಅವು. ಮನೆಯವರಾರೂ ಅವನ್ನು ಓದಿರುವುದಿಲ್ಲ. ಮುಂದಿನ ಸಲ ಡಾಕ್ಟರು ಕೇಳಿದಾಗ ಚೀಲ ಸಮೇತ ಮುಂದಿಡುವುದಷ್ಟೇ ರೂಢಿ. ಆ ಹಾಳೆಗಳನ್ನು ಬರೆದವರು ಯಾರು, ಹೇಗೆ ಬರೆದರು ಎಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಈ ಭಾಷಣದಲ್ಲಿ ನಾನು ಹೇಳಹೊರಟಿರುವುದು ಅಂಥ ಬರಹಗಾರರ ಒಂದು ವರ್ಗವನ್ನು ಕುರಿತು, ಮತ್ತು ಅವರು ತಮ್ಮ ವೃತ್ತಿಯ ವರ್ತಮಾನವನ್ನು ಏಕೆ ಬಿಡದೆ ತಿಳಿಯುತ್ತಿರಬೇಕು ಎಂಬುದನ್ನು ಕುರಿತು.

ನಮ್ಮ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಕಿರಿಯ ವೈದ್ಯರೇ ಈ ಕಾಗದವನ್ನು ಸಿದ್ಧಪಡಿಸುತ್ತಾರೆ. ಅಮೆರಿಕದಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಬೇರೆ. ಅಲ್ಲಿನ ವೈದ್ಯರು ರೋಗಿಯನ್ನು ನೋಡಿಯಾದ ಮೇಲೆ ರೋಗದ ವೃತ್ತಾಂತ, ಪರೀಕ್ಷೆಯಲ್ಲಿ ಕಂಡದ್ದು, ಕೊಟ್ಟ ಔಷಧ ಎಲ್ಲವನ್ನೂ ಬಾಯಲ್ಲಿ ಹೇಳಿ ಧ್ವನಿಮುದ್ರಣ ಮಾಡಿಬಿಡುತ್ತಿದ್ದರು. ಅದನ್ನು ಕೇಳಿ ಅಕ್ಷರಕ್ಕಿಳಿಸುವುದು ಮತ್ತೊಬ್ಬರ ಕೆಲಸ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಹೆಸರಿನಿಂದ ನಮ್ಮ ಪಟ್ಟಣಗಳಲ್ಲಿ ಪರಿಚಿತವಾದದ್ದು ಈ ಕಸುಬು. ಇದನ್ನು ಲಿಪ್ಯಂತರ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಲಿಪ್ಯಂತರವೆಂದರೆ ಒಂದು ಲಿಪಿಯಲ್ಲಿರುವುದನ್ನು ಮತ್ತೊಂದು ಲಿಪಿಗೆ ತರುವುದು. ಇಲ್ಲಿ ಮೂಲಕ್ಕೆ ಲಿಪಿಯೇ ಇಲ್ಲ. ಇರುವುದು ನಾದ ಮಾತ್ರ. ಮೇಷ್ಟರು ಹೇಳುತ್ತ ಹೋದಂತೆ ನಾವೆಲ್ಲ ಸ್ಲೇಟಿನ ಮೇಲೆ ಬರೆದೆವಲ್ಲ, ಆ ಉಕ್ತಲೇಖನವೇ ಇದು. ಒಂದೇ ವ್ಯತ್ಯಾಸ: ಶಾಲೆಯಲ್ಲಿ ತಪ್ಪಿದರೆ ಅಂಕ ಹೋಗುತ್ತಿತ್ತು.

1990ರ ದಶಕದಲ್ಲಿ ಈ ಕೆಲಸ ಬೆಂಗಳೂರಿಗೆ ಬಂತು. ಮೊದಲಿಗರಲ್ಲಿ ಒಂದು ಹೆಲ್ತ್‌ಸ್ಕ್ರೈಬ್ ಎಂಬ ಸಂಸ್ಥೆ. ಬರಲು ಮುಖ್ಯ ಕಾರಣ ಸಂಬಳದ ಅಂತರವೇ ಆದರೂ ಗಡಿಯಾರದ ಅಂತರವೂ ಅದಕ್ಕೆ ಒದಗಿಬಂತು. ನಮ್ಮ ವೇಳೆ ನ್ಯೂಯಾರ್ಕಿನ ವೇಳೆಗಿಂತ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿದೆ. ಅಲ್ಲಿನ ವೈದ್ಯ ಸಂಜೆ ಹೇಳಿ ಮುಗಿಸಿದ್ದು ನಮ್ಮ ಬೆಳಗಿನ ಜಾವ ಇಲ್ಲಿಗೆ ತಲುಪುತ್ತದೆ. ಇಲ್ಲಿ ಹಗಲೆಲ್ಲ ಕುಳಿತು ಬರೆದದ್ದು ಅಲ್ಲಿ ಅವನು ಮರುದಿನ ಬಾಗಿಲು ತೆರೆಯುವಷ್ಟರಲ್ಲಿ ಸಿದ್ಧವಾಗಿರುತ್ತದೆ. 2000ದ ಆಸುಪಾಸಿನಲ್ಲಿ ತರಬೇತಿ ಕೇಂದ್ರಗಳ ಜಾಹೀರಾತು ಪತ್ರಿಕೆಗಳಲ್ಲಿ ತುಂಬಿಹೋಗಿತ್ತು. ಆ ಕೇಂದ್ರಗಳಲ್ಲಿ ಅನೇಕವು ಶುಲ್ಕ ಪಡೆದಷ್ಟು ಶ್ರದ್ಧೆಯಿಂದ ಪಾಠ ಹೇಳಲಿಲ್ಲ ಎನ್ನದೆ ಗತಿಯಿಲ್ಲ.

ಆ ಕಾಲದಲ್ಲಿ ಹಾಗೆ ಹೋದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ವಿಜ್ಞಾನ ಪದವಿಯ ತರಗತಿಯಲ್ಲಿ ನನ್ನಿಂದ ಭಾಷಾ ಕನ್ನಡ ಕಲಿತವಳು. ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು, ಮದುವೆಯಾದ ಮೇಲೆ ಊರಿಗೆ ಮರಳಿ, ಈಗ ತೀರ್ಥಹಳ್ಳಿಯ ಸಮೀಪದ ತನ್ನ ಮನೆಯಲ್ಲೇ ಕುಳಿತು ಅದೇ ಕೆಲಸ ಮುಂದುವರಿಸಿದ್ದಾಳೆ. ಜೂನ್ ತಿಂಗಳಿಂದ ವಿದ್ಯುತ್ತನ್ನು ನಂಬುವ ಹಾಗಿಲ್ಲವಾದ್ದರಿಂದ ಬ್ಯಾಟರಿಯ ಏರ್ಪಾಡು ಮಾಡಿಕೊಂಡಿದ್ದಾಳೆ. ಅವಳು ಕೆಲಸ ಮಾಡುವುದನ್ನು ನಾನು ಕುಳಿತು ನೋಡಿದ್ದೇನೆ. ಕಿವಿಗೆ ಹೆಡ್‌ಫೋನು, ಕೈ ಕೀಲಿಮಣೆಯ ಮೇಲೆ, ಕಾಲ ಕೆಳಗೆ ಹೊಲಿಗೆ ಯಂತ್ರದ್ದರಂಥ ಒಂದು ಪೆಡಲು. ಪಾದ ಒತ್ತಿದರೆ ಧ್ವನಿ ಓಡುತ್ತದೆ, ತೆಗೆದರೆ ನಿಲ್ಲುತ್ತದೆ, ಬೇಕೆಂದಾಗ ಹಿಂದಕ್ಕೆ ಸರಿಯುತ್ತದೆ. ಕೂಲಿ ಸಾಲಿನ ಲೆಕ್ಕ. ಒಂದು ಸಾಲೆಂದರೆ ನಡುವಣ ತೆರಪೂ ಸೇರಿ 65 ಅಕ್ಷರ. ಹಿಂದೆ ಓಲೆಗರಿಯ ಗ್ರಂಥಗಳಿಗೂ ಗ್ರಂಥಸಂಖ್ಯೆಯೆಂದು 32 ಅಕ್ಷರದ ಲೆಕ್ಕವಿತ್ತು. ಲಿಪಿಕಾರರ ಜಗತ್ತು ಅಷ್ಟೇನೂ ಬದಲಾಗಿಲ್ಲವೆಂದು ನನಗೆ ಆಗ ತೋರಿತು.

ಲಿಪಿಕಾರನ ಮಾತು ಬಂದದ್ದರಿಂದ ನನ್ನ ಕ್ಷೇತ್ರದ ವಿಷಯವೊಂದನ್ನು ಇಲ್ಲಿ ಹೇಳಬೇಕು. ಕನ್ನಡ ಎಂ.ಎ. ಓದಿದವರೆಲ್ಲ ಗ್ರಂಥಸಂಪಾದನೆ ಎಂಬ ಶಾಸ್ತ್ರವನ್ನು, ಡಿ. ಎಲ್. ನರಸಿಂಹಾಚಾರ್ಯರ ಪುಸ್ತಕವನ್ನಿಟ್ಟುಕೊಂಡು, ಅಭ್ಯಾಸ ಮಾಡಿರುತ್ತಾರೆ. ಹಳೆಯ ಪ್ರತಿಗಳಲ್ಲಿ ತಪ್ಪು ಹೇಗೆ ನುಸುಳುತ್ತದೆಂಬುದು ಆ ಶಾಸ್ತ್ರದ ಮುಖ್ಯ ವಿಚಾರ. ಲಿಪಿಕಾರನು ಅಜ್ಞಾನದಿಂದ ಅರ್ಥವಿಲ್ಲದ ಅಕ್ಷರ ಬರೆದರೆ ಅದು ಅಷ್ಟು ಅಪಾಯವಲ್ಲ; ಓದುವವನಿಗೆ ಕೂಡಲೇ ಗೊತ್ತಾಗುತ್ತದೆ. ಅಪಾಯವಿರುವುದು ತಾನರಿಯದ ಶಬ್ದದ ಜಾಗದಲ್ಲಿ ತಾನರಿತ ಶಬ್ದವನ್ನು ಕೂರಿಸಿದಾಗ. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ೞಕಾರ ಬಳಕೆಯಿಂದ ಬಿದ್ದುಹೋದ ಕಾಲದ ಲಿಪಿಕಾರ ಎರಡನ್ನೂ 'ಬಾಳ್' ಎಂದೇ ಬರೆಯುತ್ತಾನೆ. ಬರಹ ಸ್ವಚ್ಛವಾಗಿಯೇ ಇರುತ್ತದೆ. ಕತ್ತಿ ಯಾವುದು, ಬದುಕು ಯಾವುದು ಎಂಬುದು ಮಾತ್ರ ಅಳಿಸಿಹೋಗಿರುತ್ತದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲೇ ೞಕಾರವುಳ್ಳ ಶಬ್ದಗಳನ್ನು ಹುಡುಕಿ ಪಟ್ಟಿಮಾಡಿಟ್ಟದ್ದು ಸುಮ್ಮನೆ ಅಲ್ಲ.

ವೈದ್ಯಕೀಯ ಉಕ್ತಲೇಖನದಲ್ಲಿ ಆಗುವುದೂ ಇದೇ. ಕಿವಿ ತಾನು ಬಲ್ಲದ್ದನ್ನು ಕೇಳುತ್ತದೆ. ಡಿಸ್‌ಫೇಜಿಯ ಎಂದರೆ ನುಂಗಲು ತೊಂದರೆ, ಡಿಸ್‌ಫೇಸಿಯ ಎಂದರೆ ಮಾತಿನ ತೊಂದರೆ. ಇಲಿಯಮ್ ಎಂಬ ಒಂದೇ ಉಚ್ಚಾರಕ್ಕೆ ಎರಡು ಕಾಗುಣಿತ. ಒಂದು ಸಣ್ಣಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಎಲುಬು. ಕನ್ನಡದಲ್ಲಿ ಬರೆದರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ. ಆತುರದಲ್ಲಿರುವ ವೈದ್ಯ ಎರಡನ್ನೂ ಒಂದೇ ಉಸಿರಿನಲ್ಲಿ ನುಂಗುತ್ತಾನೆ. ಫಿಫ್ಟೀನ್, ಫಿಫ್ಟಿಗಳ ಕಥೆಯನ್ನಂತೂ ಹೇಳಬೇಕಾಗಿಲ್ಲ.

ಇವೆಲ್ಲ ಒಮ್ಮೆ ಕಲಿತರೆ ತೀರಿಹೋಗುವ ಸಂಗತಿಗಳು. ತೀರದಿರುವುದು ಔಷಧಗಳ ಹೆಸರು. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಒಂದು ಮದ್ದು 1989ರಲ್ಲಿ ಅಮೆರಿಕದ ಪೇಟೆಗೆ ಲೋಸೆಕ್ ಎಂಬ ಹೆಸರಿನಿಂದ ಬಂತು. ಮೈಯ ನೀರನ್ನು ಮೂತ್ರದ ಮೂಲಕ ಹೊರಹಾಕಿಸುವ ಲೇಸಿಕ್ಸ್ ಎಂಬ ಮದ್ದು ಮೊದಲೇ ಇತ್ತು. ನಮ್ಮ ಹಿರಿಯರಲ್ಲಿ ಅದನ್ನು ನುಂಗುವವರು ಈಗಲೂ ಇದ್ದಾರೆ. ಎರಡಕ್ಕೂ ಗೊಂದಲವಾಗತೊಡಗಿದ್ದರಿಂದ ಮರುವರ್ಷವೇ, 1990ರಲ್ಲಿ, ಲೋಸೆಕ್ಕನ್ನು ಪ್ರೈಲೋಸೆಕ್ ಎಂದು ಬದಲಾಯಿಸಿದರು. ಇದು ಹಳೆಯ ಕಥೆಯೆನ್ನಬೇಡಿ. ಖಿನ್ನತೆಗೆ ಕೊಡುವ ಬ್ರಿಂಟೆಲಿಕ್ಸ್ ಎಂಬ ಮದ್ದನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬ್ರಿಲಿಂಟಾ ಎಂಬುದರೊಡನೆ ಬೆರೆಸಿಕೊಂಡ ಪ್ರಸಂಗಗಳು ನಡೆದು, 2016ರಲ್ಲಿ ಅದರ ಹೆಸರು ಟ್ರಿಂಟೆಲಿಕ್ಸ್ ಎಂದಾಯಿತು. 2002ರಲ್ಲಿ ಕಲಿತದ್ದನ್ನೇ ನೆಚ್ಚಿ ಕುಳಿತ ಲೇಖಕಿಗೆ ಈ ಹೊಸ ಹೆಸರು ಕಿವಿಗೆ ಬಿದ್ದಾಗ ಅದು ಹೊಸದೆಂದು ಅನಿಸುವುದಿಲ್ಲ. ಹಳೆಯದಾವುದೋ ಒಂದನ್ನು ವೈದ್ಯ ಅಸ್ಪಷ್ಟವಾಗಿ ಹೇಳಿದನೆಂದು ಅನಿಸುತ್ತದೆ. ಹೊಸ ಹೆಸರಿದೆಯೆಂದು ಅರಿತವಳಿಗೆ ಮಾತ್ರ ಸಂಶಯ ಹುಟ್ಟುತ್ತದೆ. ವೃತ್ತಿಯ ವರ್ತಮಾನ ತಿಳಿದಿರಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಅಂಕಿಗಳ ವಿಚಾರದಲ್ಲೂ ಹೀಗೆಯೇ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ ಬಳಸಕೂಡದ ಸಂಕ್ಷೇಪಗಳ ಪಟ್ಟಿಯೊಂದನ್ನು ಜಾರಿಗೆ ತಂದಿತು. ಯೂನಿಟ್ ಎಂಬುದಕ್ಕೆ ಬರಿಯ 'ಯು' ಎಂಬ ಇಂಗ್ಲಿಷ್ ಅಕ್ಷರವನ್ನು ಬರೆಯಕೂಡದು. ಅದು ಸೊನ್ನೆಯಂತೆಯೋ ನಾಲ್ಕರಂತೆಯೋ ಕಂಡು ಇನ್ಸುಲಿನ್ನಿನ ಪ್ರಮಾಣ ಹತ್ತು ಪಟ್ಟಾದೀತು. ಒಂದು ಮಿಲಿಗ್ರಾಂ ಎನ್ನಲು 1.0 ಎಂದು ಬರೆಯಕೂಡದು, ಚುಕ್ಕಿ ಮಾಸಿದರೆ ಹತ್ತಾಗುತ್ತದೆ. ಅರ್ಧಕ್ಕೆ ಬರಿದೆ .5 ಎನ್ನಕೂಡದು, ಮುಂದೆ ಸೊನ್ನೆ ಬೇಕು. ವೈದ್ಯ ಬಾಯಲ್ಲಿ ಹೇಗೆ ಹೇಳಿದರೂ ಕಾಗದದ ಮೇಲೆ ಅದನ್ನು ಈ ನಿಯಮಕ್ಕೆ ಒಗ್ಗಿಸುವುದು ಬರೆಯುವವಳ ಹೊಣೆ. ನಿಯಮ ಬಂದ ಸುದ್ದಿ ಅವಳಿಗೆ ಮುಟ್ಟದಿದ್ದರೆ ಹೊಣೆ ಹೊರುವುದಾದರೂ ಹೇಗೆ?

ಹಾಗಾದರೆ ತೀರ್ಥಹಳ್ಳಿಯಲ್ಲಿ ಕುಳಿತವಳಿಗೆ ಸುದ್ದಿ ಮುಟ್ಟುವ ದಾರಿ ಯಾವುದು? ಒಂದು ಇನ್ನೂರು ಪುಟದ ನೋಟುಬುಕ್ಕನ್ನು ಅವಳು ನನಗೆ ತೋರಿಸಿದಳು. ಹೊಸ ಮದ್ದಿನ ಹೆಸರು, ಅದು ಯಾವ ರೋಗಕ್ಕೆ, ಯಾವ ಪ್ರಮಾಣದಲ್ಲಿ ಕೊಡುತ್ತಾರೆ, ಯಾವ ಹೆಸರಿನೊಂದಿಗೆ ಕಲಸಿಹೋಗುತ್ತದೆ ಎಂದು ಸಾಲು ಸಾಲಾಗಿ ಬರೆದಿದ್ದಾಳೆ. ಆಧಾರಗಳನ್ನು ಕೇಳಿದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸೂಚನೆಗಳು; ಔಷಧ ಬಳಕೆಯ ತಪ್ಪುಗಳನ್ನೇ ಅಧ್ಯಯನ ಮಾಡುವ ಸಂಸ್ಥೆಯೊಂದು ಪ್ರಕಟಿಸುವ, ಗೊಂದಲಕ್ಕೆಡೆಗೊಡುವ ಹೆಸರುಗಳ ಪಟ್ಟಿ; ಈ ವೃತ್ತಿಯವರದೇ ಸಂಘದ ಪ್ರಕಟಣೆಗಳು. ಆ ಸಂಘ 1978ರಲ್ಲಿ ಹುಟ್ಟಿತು. 2007ರಲ್ಲಿ ತನ್ನ ಹೆಸರಿನಿಂದ ಟ್ರಾನ್ಸ್‌ಕ್ರಿಪ್ಷನ್ ಎಂಬ ಶಬ್ದವನ್ನೇ ಬಿಟ್ಟು, ಆರೋಗ್ಯ ದಾಖಲೆಗಳ ಸಮಗ್ರತೆ ಎಂಬರ್ಥದ ಹೆಸರನ್ನಿಟ್ಟುಕೊಂಡಿತು. ವೃತ್ತಿಸಂಘವೇ ತನ್ನ ವೃತ್ತಿಯ ಹೆಸರನ್ನು ಕೈಬಿಟ್ಟಿತೆಂದರೆ ಅದರಲ್ಲಿ ಬಹುದೊಡ್ಡ ಸುದ್ದಿಯಿದೆ. ಅದನ್ನು ಆಗಲೇ ಓದಿಕೊಂಡವರು ಮುಂದಿನದಕ್ಕೆ ಸಿದ್ಧರಾದರು.

ಎಲ್ಲ ಬರಹವೂ ಸುದ್ದಿಯಲ್ಲ ಎಂಬುದೂ ಇಲ್ಲಿ ಮುಖ್ಯ. ಕೆಲಸಕ್ಕೆ ಜನ ಬೇಕಾದ ಕಂಪೆನಿ ಕೆಲಸ ಹೆಚ್ಚುತ್ತಿದೆಯೆಂದು ಬರೆಯುತ್ತದೆ. ಯಂತ್ರ ಮಾರುವ ಕಂಪೆನಿ ಕೆಲಸವೇ ಉಳಿಯದೆಂದು ಬರೆಯುತ್ತದೆ. ತರಬೇತಿ ಕೊಡುವವರು ಮೂರು ತಿಂಗಳಲ್ಲಿ ಎಲ್ಲವನ್ನೂ ಕಲಿಸುತ್ತೇವೆನ್ನುತ್ತಾರೆ. ಶಾಸನ ಓದುವಾಗ ಮೊದಲು ನೋಡುವುದು ಯಾರ ಶಾಸನ, ಯಾವ ವರ್ಷದ್ದು, ದಾನ ಕೊಟ್ಟವರಾರು, ಪಡೆದವರಾರು ಎಂಬುದನ್ನು. ವೃತ್ತಿಯ ವರ್ತಮಾನವನ್ನೂ ಹಾಗೆಯೇ ಓದಬೇಕೆಂದು ನಾನು ಅವಳಿಗೆ ಹೇಳಿದೆ. ಹೇಳುವ ಅಗತ್ಯವೇನೂ ಇರಲಿಲ್ಲ. ಅವಳ ನೋಟುಬುಕ್ಕಿನಲ್ಲಿ ಪ್ರತಿಯೊಂದು ಸಾಲಿನ ಮುಂದೆಯೂ ತಾರೀಖು ಇತ್ತು.

ಕಂಪೆನಿಗಳ ವಂಶಾವಳಿಯೇ ಒಂದು ಸ್ವಾರಸ್ಯ. ಕೆಳದಿಯ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಸಾಗಿ, 1763ರಲ್ಲಿ ಹೈದರಲಿಯ ವಶವಾಗಿ ಹೈದರನಗರವಾದದ್ದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಹೆಲ್ತ್‌ಸ್ಕ್ರೈಬ್ 2004ರಲ್ಲಿ ಸ್ಫೆರಿಸ್ ಎಂಬ ಸಂಸ್ಥೆಯ ಪಾಲಾಯಿತು. ಸ್ಫೆರಿಸ್ 2010ರಲ್ಲಿ ದಿವಾಳಿಯೆದ್ದು ಮೆಡ್‌ಕ್ವಿಸ್ಟ್, ಸಿಬೇ ಎಂಬವರ ಕೈಸೇರಿತು. ಅವರ ಸಂಸ್ಥೆ 2012ರಲ್ಲಿ ಎಂ-ಮೋಡಲ್ ಎಂದು ಹೆಸರು ಬದಲಿಸಿ, 2014ರಲ್ಲಿ ತಾನೂ ದಿವಾಳಿ ಅರ್ಜಿ ಹಾಕಿತು. 2019ರಲ್ಲಿ ಅದರ ಯಂತ್ರವಿದ್ಯೆಯ ಭಾಗವನ್ನು ತ್ರೀ-ಎಂ ಎಂಬ ದೊಡ್ಡ ಸಂಸ್ಥೆ ಕೊಂಡಿತು. ಯಂತ್ರವನ್ನು ಕೊಂಡರು, ಬರೆಯುವವರನ್ನು ಬಿಟ್ಟರು ಎಂಬುದನ್ನು ಗಮನಿಸಬೇಕು.

ರೋಗಿಯ ಗುಟ್ಟಿನ ವಿಚಾರವೊಂದಿದೆ. 1996ರಲ್ಲಿ ಅಮೆರಿಕ ಹಿಪಾ ಎಂಬ ಕಾನೂನನ್ನು ಮಾಡಿತು; ರೋಗಿಯ ದಾಖಲೆಯ ಗೋಪ್ಯತೆಯ ನಿಯಮಗಳು ಅದರ ಅಡಿಯಲ್ಲಿ ಬಂದವು. 2003ರ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರಾಚಿಯ ಮಹಿಳೆಯೊಬ್ಬಳಿಂದ ಪತ್ರ ಬಂತು. ಆಸ್ಪತ್ರೆ ಒಬ್ಬರಿಗೆ ಕೊಟ್ಟ ಕೆಲಸ ಗುತ್ತಿಗೆಯ ಮೇಲೆ ಒಳಗುತ್ತಿಗೆಯಾಗಿ ಕೈಯಿಂದ ಕೈಗೆ ಇಳಿದು ಕೊನೆಗೆ ಅವಳಲ್ಲಿಗೆ ಹೋಗಿತ್ತು. ಅವಳ ಕೂಲಿ ಬಂದಿರಲಿಲ್ಲ. ಕೂಲಿ ಕೊಡಿಸದಿದ್ದರೆ ರೋಗಿಗಳ ದಾಖಲೆಗಳನ್ನು ಬಯಲು ಮಾಡುವೆನೆಂದು ಬೆದರಿಸಿದ್ದಳು. ಆಕೆ ಮಾಡಿದ್ದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ತನ್ನ ಹೊಟ್ಟೆಯೊಳಗಿನ ಸಂಗತಿ ಕರಾಚಿಗೆ ಹೋಗಿದೆಯೆಂದು ಆ ರೋಗಿಗೂ ಗೊತ್ತಿರಲಿಲ್ಲ, ಆಸ್ಪತ್ರೆಗೂ ಗೊತ್ತಿರಲಿಲ್ಲ. ನನ್ನ ವಿದ್ಯಾರ್ಥಿನಿ ಕೆಲಸದ ಕೋಣೆಗೆ ಮಕ್ಕಳನ್ನೂ ಬಿಡುವುದಿಲ್ಲ. ನಾನು ಕುಳಿತು ನೋಡಿದಾಗ ಅವಳು ಹಾಕಿದ್ದು ಅಭ್ಯಾಸಕ್ಕೆಂದು ಮಾಡಿದ ಧ್ವನಿ, ನಿಜವಾದ ರೋಗಿಯದಲ್ಲ.

ಇನ್ನು ಯಂತ್ರದ ವಿಚಾರ. ಅಮೆರಿಕ 2009ರಲ್ಲಿ ಮಾಡಿದ ಮತ್ತೊಂದು ಕಾನೂನು ದಾಖಲೆಗಳನ್ನು ವಿದ್ಯುನ್ಮಾನಕ್ಕೆ ತಂದ ವೈದ್ಯರಿಗೆ ಧನಸಹಾಯ ಕೊಟ್ಟಿತು. ಹೇಳಿ ಬರೆಸುವ ಬದಲು ಸಿದ್ಧ ನಮೂನೆಗಳಲ್ಲಿ ಗುರುತು ಹಾಕುವುದು ಹೆಚ್ಚಿತು. ಜೊತೆಜೊತೆಗೆ ಮಾತನ್ನು ತಾನೇ ಅಕ್ಷರವಾಗಿಸುವ ಯಂತ್ರಗಳು ಬಂದವು. ಮೈಕ್ರೊಸಾಫ್ಟ್ ಸಂಸ್ಥೆ ಇಂಥ ಯಂತ್ರವಿದ್ಯೆಯಲ್ಲಿ ಹೆಸರಾದ ನ್ಯುಆನ್ಸ್ ಕಂಪೆನಿಯನ್ನು ಸುಮಾರು 1,970 ಕೋಟಿ ಡಾಲರಿಗೆ ಕೊಳ್ಳುವುದಾಗಿ 2021ರಲ್ಲಿ ಸಾರಿ, 2022ರಲ್ಲಿ ಕೊಂಡಿತು. ಈಗ ವೈದ್ಯ ಪ್ರತ್ಯೇಕವಾಗಿ ಹೇಳಬೇಕಾದದ್ದೂ ಇಲ್ಲ. ಅವನೂ ರೋಗಿಯೂ ಮಾತನಾಡುವುದನ್ನು ಯಂತ್ರ ಕೋಣೆಯಲ್ಲಿದ್ದು ಆಲಿಸಿ ಟಿಪ್ಪಣಿಯನ್ನು ತಾನೇ ರಚಿಸುತ್ತದೆ. ನನ್ನ ವಿದ್ಯಾರ್ಥಿನಿಯ ಕೆಲಸ ಬರೆಯುವುದರಿಂದ ತಿದ್ದುವುದಕ್ಕೆ ಇಳಿದು ಕೆಲವು ವರ್ಷಗಳಾದವು. ತಿದ್ದುವುದಕ್ಕೆ ಕೂಲಿ ಬರೆಯುವುದರ ಅರ್ಧ. ಶ್ರಮ ಅರ್ಧವಲ್ಲ, ಏಕೆಂದರೆ ಯಂತ್ರದ ಬರಹದಲ್ಲಿ ಕಾಗುಣಿತದ ತಪ್ಪಿರುವುದಿಲ್ಲ. ಕಣ್ಣಿಗೆ ಎಡವುವ ಕಲ್ಲೇ ಇಲ್ಲದ ಹಾದಿಯಲ್ಲಿ ಗುಂಡಿ ಹುಡುಕಬೇಕು.

ಆ ಗುಂಡಿ ಎಂಥದೆಂಬುದಕ್ಕೆ ಒಂದು ಅಧ್ಯಯನ ಸಾಕ್ಷಿ. ವಿಸ್ಪರ್ ಎಂಬ ಹೆಸರಿನ, ಬಹು ಬಳಕೆಯ ಯಂತ್ರವೊಂದನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷಿಸಿದ ಧ್ವನಿತುಣುಕುಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ, ಮೂಲದಲ್ಲಿ ಯಾರೂ ಆಡದೇ ಇದ್ದ ಮಾತುಗಳನ್ನು ಯಂತ್ರ ಬರೆದಿತ್ತು. ಮಾತಿನ ನಡುವೆ ದೀರ್ಘವಾದ ಮೌನವಿದ್ದ ಕಡೆ ಇದು ಹೆಚ್ಚು; ಮಿದುಳಿನ ಪೆಟ್ಟಿನಿಂದ ಮಾತು ತಡವರಿಸುವ ರೋಗಿಗಳ ವಿಷಯದಲ್ಲಿ ಇನ್ನೂ ಹೆಚ್ಚು. ಅವರು ಮಾತಿಗಾಗಿ ತಡಕಾಡುತ್ತಿದ್ದ ತೆರಪನ್ನು ಯಂತ್ರ ತನಗೆ ತೋಚಿದ ವಾಕ್ಯದಿಂದ ತುಂಬಿತು.

ಮನುಷ್ಯ ಲೇಖಕರಿಗೆ ಕಲಿಸುವ ಮೊದಲ ಪಾಠ ಇದಕ್ಕೆ ನೇರ ವಿರುದ್ಧವಾದದ್ದು. ಕೇಳಿಸದಿದ್ದರೆ ಊಹಿಸಬೇಡ, ಜಾಗ ಖಾಲಿ ಬಿಡು, ಧ್ವನಿಯ ಯಾವ ನಿಮಿಷ, ಯಾವ ಸೆಕೆಂಡೆಂದು ಗುರುತು ಹಾಕಿ ವೈದ್ಯನಿಗೆ ಹಿಂದಿರುಗಿಸು. ಲೂಯಿ ರೈಸರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವನ್ನು ಹೊರತಂದರು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿವೆ. ಕಲ್ಲು ಸವೆದು ಅಕ್ಷರ ಹೋದ ಕಡೆ ಅವರು ಚುಕ್ಕಿಗಳನ್ನಿಟ್ಟು ಮುಂದೆ ಹೋಗಿದ್ದಾರೆ. ಶತಮಾನ ಕಳೆದ ಮೇಲೂ ಆ ಸಂಪುಟವನ್ನು ನಾವು ನಂಬುತ್ತೇವಾದರೆ ಆ ಚುಕ್ಕಿಗಳೂ ಅದಕ್ಕೆ ಕಾರಣ. ಚುಕ್ಕಿಯಿಡಲು ಸಂಶಯ ಬೇಕು, ಸಂಶಯಪಡಲು ತಿಳಿವಳಿಕೆ ಬೇಕು. ಯಂತ್ರವನ್ನು ತಿದ್ದಲು ಕೂತವಳು ಇನ್ನು ಮುಂದೆ ಹೊಸ ಮದ್ದಿನ ಹೆಸರಿನ ಜೊತೆಗೆ ಯಂತ್ರ ಯಾವ ಬಗೆಯ ಸುಳ್ಳು ಹೇಳುತ್ತದೆ ಎಂಬ ವರದಿಗಳನ್ನೂ ಓದಬೇಕಾಗಿದೆ. ಅವಳ ನೋಟುಬುಕ್ಕಿನಲ್ಲಿ ಅದಕ್ಕೂ ಈಗ ಕೆಲವು ಪುಟಗಳಿವೆ. ಈ ಕೆಲಸ ಎಷ್ಟು ವರ್ಷ ಬಾಳುತ್ತದೆಂದು ಅವಳು ನನ್ನನ್ನು ಕೇಳಿದ್ದುಂಟು. ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಕಚೇರಿ ಈ ಉದ್ಯೋಗ ಇಳಿಮುಖವೆಂದೇ ಹೇಳುತ್ತ ಬಂದಿದೆ. ಅವಳ ಮಗಳನ್ನು ಇದೇ ಕೆಲಸಕ್ಕೆ ಹಾಕೆಂದು ನಾನು ಹೇಳಲಾರೆ.

ಇದೆಲ್ಲ ದೂರದ ದೇಶದ ಮಾತೆಂದು ಕೆಲವರಿಗೆ ಅನಿಸೀತು. 2021ರಲ್ಲಿ ನಮ್ಮಲ್ಲಿಯೂ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನ ಆರಂಭವಾಗಿದೆ. ದಾಖಲೆಗಳು ಕಂಪ್ಯೂಟರಿಗೆ ಏರುತ್ತಿವೆ. ಆಲಿಸಿ ಬರೆಯುವ ಯಂತ್ರ ಒಂದು ದಿನ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬಂದರೆ ಅದು ಕೇಳಬೇಕಾದದ್ದು ಕನ್ನಡವನ್ನು, ಅದರಲ್ಲೂ ಮಲೆನಾಡಿನ ಕನ್ನಡವನ್ನು. ಇಲ್ಲಿನ ರೋಗಿ 'ಸಂಕಟ' ಎನ್ನುತ್ತಾನೆ, 'ಜೋಮು' ಎನ್ನುತ್ತಾನೆ, 'ಹೊಟ್ಟೆ ತೊಳೆಸುತ್ತದೆ' ಎನ್ನುತ್ತಾನೆ. ಪ್ರತಿಯೊಂದಕ್ಕೂ ಆಡಿದವನ ಊರು ಕೇರಿ ನೋಡಿ ಅರ್ಥ ಹೇಳಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಅದರಿಂದ ಎಷ್ಟು ನೊಂದಿತೆಂಬುದು ನಮಗೆಲ್ಲ ನೆನಪಿದೆ. ಆ ಕಾಯಿಲೆ ಕಾಡಿನ ಉಣುಗಿನಿಂದ ಹತ್ತುತ್ತದೆ. ಹಾಗಾಗಿ ಜ್ವರದವನು ಮಾತಿನ ಮಧ್ಯೆ "ಹೋದ ವಾರ ಬೆಟ್ಟಕ್ಕೆ ದರಗಿಗೆ ಹೋಗಿದ್ದೆ" ಎಂದದ್ದು ಅವನ ಜ್ವರದ ಡಿಗ್ರಿಗಿಂತ ಮುಖ್ಯವಾದ ಮಾತು. ನಿಘಂಟಿನಲ್ಲಿ 'ತರಗು' ಇದೆ. ದರಗನ್ನು ತರಗೆಂದು ಕೇಳಿಸಿಕೊಂಡರೆ ಅರ್ಥ ಕೆಡುವುದಿಲ್ಲ. ತರಕಾರಿಯೆಂದು ಕೇಳಿಸಿಕೊಂಡರೆ, ಬೆಟ್ಟಕ್ಕೆ ಹೋದವನು ಕಾಗದದ ಮೇಲೆ ಸಂತೆಗೆ ಹೋಗಿ ಬಂದಿರುತ್ತಾನೆ.